ಬೆಕ್ಕಿನ ಕೈಗೆ ಸಿಗುವ ಇಲಿ

ನಮಸ್ಕಾರ ಎಲ್ಲರಿಗೂ.

ಗೋಡೆಯ ಬುಡದಲ್ಲಿ ಉದ್ದಕ್ಕೆ ಒಂದು ಬಿಳಿ ಪಟ್ಟಿ ಕಾಣುತ್ತಿದೆ ಅಲ್ವಾ? ಅದು ವೈರಿಂಗ್‌ಗೆ ಹಾಕುವ ಪಿವಿಸಿ ಕೇಸಿಂಗ್. ಯಾವ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಕೇಸಿಂಗ್ ಪಟ್ಟಿ ಕೊಡಿ ಅಂದರೂ ಸಿಗುತ್ತದೆ. ಆದರೆ ಇದರೊಳಗೆ ವೈರ್ ಇಲ್ಲ, ಹಲ್ಲುಗಳಿರುವ ಒಂದು ಸಣ್ಣ ಬೆಲ್ಟ್ ಇದೆ. ಬೆಲ್ಟಿಗೆ ಅಂಟಿಕೊಂಡು ಒಂದು ಪುಟ್ಟ ಗಾಡಿ. ಗಾಡಿಯಿಂದ ಹೊರಗೆ ಚಾಚಿಕೊಂಡಿರುವ ಈ ಉಣ್ಣೆ ಬಟ್ಟೆಯ ಬಾಲ ಇದೆಯಲ್ಲ, ಅದೇ ನಮ್ಮ ಇಲಿ. ಇವತ್ತಿನ ವಿಡಿಯೋ ಪೂರ್ತಿ ಈ ಇಲಿಯ ಬಗ್ಗೆ.

ಮೊದಲು ಇದನ್ನು ಹಿಡಿಯಬೇಕಾದವರ ಪರಿಚಯ. ಇವಳು ರಾಗಿ. ಮೈಬಣ್ಣ ನೋಡಿದರೆ ಆ ಹೆಸರು ಯಾಕೆ ಅಂತ ಗೊತ್ತಾಗುತ್ತದೆ. 3.4 ಕೆಜಿ, ತೆಳ್ಳಗಿನ ಮೈ, ಕೂತಲ್ಲಿ ಕೂರುವವಳಲ್ಲ. ಆ ಕಡೆ ದಿವಾನದ ಮೇಲೆ ಹಳದಿ ದಿಂಬಿನ ಹಾಗೆ ಬಿದ್ದಿರುವವನು ಜೋಳ. ಅಳೆಯಲು ಶುರು ಮಾಡಿದಾಗ 5.8 ಕೆಜಿ. ಇಬ್ಬರೂ ಬೀದಿಯಿಂದ ಬಂದವರು, ಇಬ್ಬರಿಗೂ ಮರಿಯಾಗದ ಹಾಗೆ ಆಪರೇಷನ್ ಆಗಿದೆ. ಆಪರೇಷನ್ ಆದ ಬೆಕ್ಕಿಗೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಜೋಳನ ಹೊಟ್ಟೆಯ ಕಥೆ ಇಷ್ಟೇ. ಇಬ್ಬರನ್ನೂ ಹೊರಗೆ ಬಿಡೋಣ ಅಂದರೆ ನಮ್ಮದು ಬೆಂಗಳೂರಿನ ಮೂರನೇ ಮಹಡಿಯ ಫ್ಲ್ಯಾಟ್. ಕೆಳಗೆ ರಸ್ತೆ, ರಸ್ತೆಯಲ್ಲಿ ನಾಯಿಗಳ ಗುಂಪು. ಬಾಲ್ಕನಿಗೆ ಬಲೆ ಕಟ್ಟಿಸಿದ್ದೇವೆ. ಅವರ ಪ್ರಪಂಚ ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಬರೀ ಓಡಿಸಿ ಬೆಕ್ಕಿನ ತೂಕ ಇಳಿಸಲು ಆಗುವುದಿಲ್ಲ. 5 ಕೆಜಿಯ ಬೆಕ್ಕಿಗೆ ಸುಮ್ನೆ ಮಲಗಿದ್ದರೂ ದಿನಕ್ಕೆ ಸುಮಾರು 230 ಕಿಲೋ ಕ್ಯಾಲರಿ ಬೇಕು. ಒಣ ಆಹಾರದಲ್ಲಿ ಗ್ರಾಂಗೆ ಮೂರೂವರೆಯಿಂದ ನಾಲ್ಕು ಕಿಲೋ ಕ್ಯಾಲರಿ ಇರುತ್ತದೆ. ಪಾಪ ಹಸಿದಿದ್ದಾನೆ ಅಂತ 20 ಗ್ರಾಂ ಜಾಸ್ತಿ ಸುರಿದರೆ ದಿನದ ಲೆಕ್ಕದಲ್ಲಿ ಸುಮಾರು ಮೂರನೇ ಒಂದು ಭಾಗ ಹೆಚ್ಚಿಗೆ ಸೇರಿತು. ಹಾಗಾಗಿ ತೂಕಕ್ಕೆ ಬಟ್ಟಲು ಮುಖ್ಯ. ಈ ಯಂತ್ರ ಇರುವುದು ಮೈ ಬಿಗಿಯಾಗಿರಲಿ ಅಂತ, ಬೇಜಾರು ಕಳೆಯಲಿ ಅಂತ. ಹಾಗಂತ ಒಂದೇ ಸಲ ಊಟ ನಿಲ್ಲಿಸಬೇಡಿ. ದಪ್ಪ ಬೆಕ್ಕು ಕೆಲವೇ ದಿನ ಊಟ ಬಿಟ್ಟರೂ ಲಿವರ್‌ನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಬರಬಹುದು. ಎಷ್ಟು ಹಾಕಬೇಕು ಅನ್ನುವುದನ್ನು ನಿಮ್ಮ ಡಾಕ್ಟರ ಹತ್ತಿರವೇ ಕೇಳಿ.

ಅಂಗಡಿಯಲ್ಲಿ ಏನೂ ಸಿಗುವುದಿಲ್ಲವಾ? ಬೇಕಾದಷ್ಟು ಸಿಗುತ್ತದೆ. ತಾನಾಗಿ ಉರುಳುವ ಚೆಂಡು, ಗೋಡೆ ಮೇಲೆ ಚುಕ್ಕಿ ಕುಣಿಸುವ ಲೇಸರ್, ಬೆಕ್ಕು ಒಳಗೆ ನಿಂತು ಓಡುವ ದೊಡ್ಡ ಚಕ್ರ. ಚಕ್ರ ನನಗೂ ಇಷ್ಟವೇ. ಆದರೆ ಬೆಕ್ಕಿನ ಬೆನ್ನು ಬಾಗದೆ ಓಡಬೇಕು ಅಂದರೆ ಚಕ್ರದ ವ್ಯಾಸ ಒಂದು ಮೀಟರಿಗಿಂತ ಜಾಸ್ತಿ ಇರಬೇಕು. ಅದನ್ನು ಈ ಹಾಲ್‌ನಲ್ಲಿ ಇಟ್ಟರೆ ನಾವು ಬಾಲ್ಕನಿಯಲ್ಲಿ ಕೂತು ಊಟ ಮಾಡಬೇಕು. ಉರುಳುವ ಚೆಂಡನ್ನು ಗೆಳತಿಯೊಬ್ಬಳು ತಂದುಕೊಟ್ಟಿದ್ದಳು. ರಾಗಿ ಒಂದು ವಾರ ಆಡಿದಳು. ಜೋಳ ಮೂಸಿ ಕೂಡ ನೋಡಲಿಲ್ಲ.

ಇನ್ನು ಲೇಸರ್. ಬೆಕ್ಕಿಗೆ ಲೇಸರ್ ಚುಕ್ಕಿ ತೋರಿಸಿ ಓಡಿಸುವ ವಿಧಾನಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದಾರೆ ಗೊತ್ತಾ? ನಿಜವಾಗಲೂ. ಬೆಕ್ಕಿಗೆ ವ್ಯಾಯಾಮ ಮಾಡಿಸುವ ವಿಧಾನ ಅಂತಲೇ ಅದರ ಹೆಸರು. ಬೆಕ್ಕು ಓಡುವುದೇನೋ ಹೌದು, ಎದ್ದೂ ಬಿದ್ದೂ ಓಡುತ್ತದೆ. ಆದರೆ ಕೈಗೆ ಏನೂ ಸಿಗುವುದಿಲ್ಲ. ಪಂಜದ ಕೆಳಗೆ ಚುಕ್ಕಿ ಇತ್ತು, ಎತ್ತಿ ನೋಡಿದರೆ ಪಂಜದ ಮೇಲೆ ಇದೆ. 2021ರಲ್ಲಿ ಬೆಕ್ಕು ಸಾಕಿದವರನ್ನು ಕೇಳಿ ಮಾಡಿದ ಒಂದು ಸಮೀಕ್ಷೆಯಲ್ಲಿ, ಲೇಸರ್ ಆಟ ಜಾಸ್ತಿ ಆಡುವ ಬೆಕ್ಕುಗಳಲ್ಲಿ ನೆರಳು, ಬೆಳಕಿನ ಹಿಂದೆ ಅಲೆಯುವಂಥ ಅಭ್ಯಾಸಗಳೂ ಜಾಸ್ತಿ ಕಂಡವು. ಲೇಸರ್‌ನಿಂದಲೇ ಹಾಗಾಯಿತು ಅಂತ ಸಮೀಕ್ಷೆಯೊಂದರಿಂದ ಹೇಳಲು ಬರುವುದಿಲ್ಲ. ಆದರೂ ನನ್ನ ಡಿಸೈನ್‌ನಿಂದ ಲೇಸರ್ ಹೊರಗೆ ಹೋಗಲು ಅಷ್ಟು ಸಾಕಾಯಿತು.

ಬೆಕ್ಕು ಬೇಟೆಯಾಡುವುದನ್ನು ನಿಧಾನಕ್ಕೆ ನೋಡಿ. ಈ ತುಣುಕನ್ನು ಸ್ಲೋ ಮೋಷನ್‌ನಲ್ಲಿ ಹಾಕಿದ್ದೇನೆ. ರಾಗಿ ಮೊದಲು ದಿಟ್ಟಿಸುತ್ತಾಳೆ. ಆಮೇಲೆ ಹೊಟ್ಟೆ ನೆಲಕ್ಕೆ ತಾಗಿಸಿ ಹೊಂಚು ಹಾಕುತ್ತಾಳೆ. ಈಗ ಹಿಂಭಾಗ ಅಲ್ಲಾಡುತ್ತಿದೆ ನೋಡಿ. ಎಗರಿದಳು. ಹಿಡಿದಳು, ಕಚ್ಚಿದಳು, ಹಿಂಗಾಲಿನಲ್ಲಿ ಪರಚಿದಳು. ಇದರಲ್ಲಿ ಓಟ ಎಷ್ಟಿದೆ? ಒಂದೆರಡು ಸೆಕೆಂಡ್. ಉಳಿದದ್ದೆಲ್ಲ ಕಾಯುವುದು, ಹಿಡಿಯುವುದು. ಅಂಗಡಿಯ ಸ್ಮಾರ್ಟ್ ಆಟಿಕೆಗಳು ಹೆಚ್ಚಾಗಿ ಆ ಒಂದೆರಡು ಸೆಕೆಂಡನ್ನೇ ಹಿಗ್ಗಿಸಿ ಮಾರುತ್ತವೆ. ನನಗೆ ಬೇಕಾದದ್ದು ಓಡಲು ಬರುವ ಯಂತ್ರವಲ್ಲ, ಸೋಲಲು ಬರುವ ಯಂತ್ರ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಆ ಪ್ರಾಣಸಂಕಟಕ್ಕೆ ಕೋಡ್ ಬರೆಯುವುದೇ ನನ್ನ ಕೆಲಸ.

ಮೊದಲ ಮಾದರಿಯಲ್ಲಿ ಮೋಟಾರೂ ಇರಲಿಲ್ಲ, ಕೋಡೂ ಇರಲಿಲ್ಲ. ಟಿವಿ ಬಂದ ರಟ್ಟಿನ ಡಬ್ಬದಲ್ಲಿ ಒಂದು ಉದ್ದನೆಯ ಸೀಳು, ಅದರ ಹಿಂದೆ ನಾನು, ನನ್ನ ಕೈಯಲ್ಲಿ ಕಡ್ಡಿಗೆ ಕಟ್ಟಿದ ಬಟ್ಟೆ. ಏನಾದರೂ ಕೊಳ್ಳುವ ಮೊದಲು ಹೀಗೆ ಕೈಯಲ್ಲೇ ಆಡಿಸಿ ನೋಡಿದರೆ ತುಂಬಾ ದುಡ್ಡು ಉಳಿಯುತ್ತದೆ. ಬಟ್ಟೆಯನ್ನು ಬೆಕ್ಕಿನ ಕಡೆಗೆ ತಂದರೆ ಇಬ್ಬರೂ ಹಿಂದೆ ಸರಿದರು. ಯಾವ ಇಲಿ ತಾನಾಗಿ ಬೆಕ್ಕಿನ ಹತ್ತಿರ ಬರುತ್ತದೆ ಹೇಳಿ? ಒಂದೇ ವೇಗದಲ್ಲಿ ಅತ್ತಿಂದಿತ್ತ ಓಡಿಸಿದರೆ ತಲೆ ಮಾತ್ರ ತಿರುಗಿತು. ಓಡಿಸಿ, ಗಕ್ಕನೆ ನಿಲ್ಲಿಸಿ, ತುದಿಯನ್ನು ಸಣ್ಣಗೆ ನಡುಗಿಸಿ, ಡಬ್ಬದ ಅಂಚಿನ ಹಿಂದೆ ಅರ್ಧ ಮರೆಯಾಗಿಸಿದರೆ? ಜೋಳ ದಿವಾನದಿಂದ ಇಳಿದು ಬಂದ. ಮರೆಯಾಗುವ ಆ ಕ್ಷಣ ಇದೆಯಲ್ಲ, ಅದಕ್ಕೆ ಯಾವ ಬೆಕ್ಕೂ ತಡೆದುಕೊಳ್ಳುವುದಿಲ್ಲ.

ಹಾಗಾಗಿ ಕೇಸಿಂಗ್ ಪಟ್ಟಿ. ಅದು ಗೋಡೆಗುಂಟ ಹೋಗಿ ಶೂ ರ‍್ಯಾಕ್‌ನ ಹಿಂದೆ ಮುಗಿಯುತ್ತದೆ. ಇಲಿಯ ಬಿಲ ಅಲ್ಲೇ. ಪಟ್ಟಿಯಲ್ಲಿ ಉದ್ದಕ್ಕೆ ಒಂದು ಸೀಳು, ಸೀಳಿಗೆ ಬಾಗಿಲ ಕೆಳಗೆ ಧೂಳು ಬರದ ಹಾಗೆ ಹಾಕುವ ಬ್ರಷ್ ಪಟ್ಟಿ. ಬೆಕ್ಕಿನ ಉಗುರು ಒಳಗೆ ಹೋಗಿ ಬೆಲ್ಟಿಗೆ ಸಿಕ್ಕಿಕೊಳ್ಳಬಾರದು ಅಲ್ವಾ, ಅದಕ್ಕೆ.

ಮೋಟಾರಿಗೆ ಎಸ್‌.ಪಿ. ರೋಡ್. ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ, ಬೇರೆ ಊರಿನವರಿಗೆ ಹೇಳುತ್ತೇನೆ: ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು, ಎಲೆಕ್ಟ್ರಾನಿಕ್ಸ್‌ನ ಬಿಡಿಭಾಗ ಏನು ಬೇಕಾದರೂ ಸಿಗುವ ಬೀದಿ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರ್ ಕೇಳಿದೆ.

"ತ್ರೀಡಿ ಪ್ರಿಂಟರ್‌ಗಾ ಮೇಡಂ?"

"ಇಲ್ಲ, ಬೆಕ್ಕಿಗೆ."

ಅಂಗಡಿಯವರು ನಗಲಿಲ್ಲ. "ಬೆಕ್ಕು ಎಷ್ಟು ಕೆಜಿ?" ಅಂತ ಕೇಳಿದರು. ಹೇಳಿದೆ. "ಹಾಗಾದ್ರೆ ದೊಡ್ಡದು ಬೇಡ, ಇದು ಸಾಕು" ಅಂತ ನೆಮಾ 17 ಅನ್ನುವ ಅಳತೆಯಲ್ಲೇ ಗಿಡ್ಡದೊಂದನ್ನು ತೆಗೆದುಕೊಟ್ಟರು. ಆ ಒಂದು ಪ್ರಶ್ನೆಗೆ ನಾನು ಆ ಅಂಗಡಿಯ ಖಾಯಂ ಗಿರಾಕಿ.

ಇಲಿಯ ನಡಿಗೆಯ ಲೆಕ್ಕ ಸುಲಭ. ಬೆಲ್ಟಿನ ಹಲ್ಲುಗಳ ನಡುವೆ 2 ಮಿಲಿಮೀಟರ್ ಅಂತರ, ಪುಲ್ಲಿಗೆ 20 ಹಲ್ಲು. ಅಂದರೆ ಮೋಟಾರು ಒಂದು ಸುತ್ತು ತಿರುಗಿದರೆ ಇಲಿ 4 ಸೆಂಟಿಮೀಟರ್ ಮುಂದೆ ಹೋಗುತ್ತದೆ. ತೆವಳುವಾಗ ಸೆಕೆಂಡಿಗೆ 5 ಸೆಂಟಿಮೀಟರ್, ಓಡುವಾಗ 60. ಓಟಕ್ಕೆ ಸೆಕೆಂಡಿಗೆ 15 ಸುತ್ತು ಬೇಕಾಗುವುದರಿಂದ 24 ವೋಲ್ಟ್ ಅಡಾಪ್ಟರ್ ಹಾಕಿದ್ದೇನೆ. ಮಿದುಳಿನ ಕೆಲಸಕ್ಕೆ ಇಎಸ್‌ಪಿ 32 ಅನ್ನುವ ಪುಟ್ಟ ಕಂಪ್ಯೂಟರ್ ಚಿಪ್.

ಈಗ ಸದ್ದು. ಇಡೀ ಪ್ರಾಜೆಕ್ಟಿನಲ್ಲಿ ನನಗೆ ತುಂಬಾ ಮಜಾ ಕೊಟ್ಟ ಭಾಗ ಇದು.

ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್ ತನಕ. ಬೆಕ್ಕಿಗೆ ಸುಮಾರು 85 ಕಿಲೋಹರ್ಟ್ಸ್ ತನಕ ಕೇಳುತ್ತದೆ. ಇಲಿಮರಿಗಳು ನಮಗೆ ಕೇಳದ ಸ್ವರದಲ್ಲಿ ಕೂಗುತ್ತವೆ, ಬೆಕ್ಕಿಗೆ ಅದು ಬೇಕೇ ಬೇಕು. ಮೋಟಾರು ಕುಯ್ಯೋ ಅನ್ನುತ್ತಿದ್ದರೆ ಎಂಜಿನಿಯರುಗಳು ಮಾಡುವುದೇನು? ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡುವ ವೇಗವನ್ನು 20 ಕಿಲೋಹರ್ಟ್ಸ್‌ಗಿಂತ ಮೇಲಕ್ಕೆ ಏರಿಸುತ್ತಾರೆ. ನಮ್ಮ ಮಟ್ಟಿಗೆ ಸದ್ದು ಮಾಯ. ನಾನು ಹಾಕಿರುವ ಟಿಎಂಸಿ 2209 ಡ್ರೈವರ್, ಅಂದರೆ ಮೋಟಾರಿಗೆ ಕರೆಂಟ್ ಕೊಡುವ ಚಿಪ್, ನಿಶ್ಶಬ್ದಕ್ಕೇ ಹೆಸರುವಾಸಿ. ಆದರೆ ಅದರ ನಿಶ್ಶಬ್ದ ಅಂದರೆ, ಸೆಟ್ಟಿಂಗ್ ನೋಡಿಕೊಂಡು, ಸುಮಾರು 23ರಿಂದ 58 ಕಿಲೋಹರ್ಟ್ಸ್. ಪೂರ್ತಿ ಬೆಕ್ಕಿನ ಕಿವಿಯ ವ್ಯಾಪ್ತಿಯೊಳಗೇ ಇದೆ! ಫೋನಿನಲ್ಲಿ ರೆಕಾರ್ಡ್ ಮಾಡಿ ಪರೀಕ್ಷಿಸೋಣ ಅಂದರೆ ಅಷ್ಟು ಮೇಲಿನ ಸ್ವರವನ್ನು ಫೋನು ಹಿಡಿಯುವುದೇ ಇಲ್ಲ.

ಹಾಗಾಗಿ ಅಳತೆಗೋಲು ಒಂದೇ, ರಾಗಿಯ ಕಿವಿ. ಈ ಶಾಟ್ ನೋಡಿ. ಮೋಟಾರು ಇನ್ನೂ ತಿರುಗಿಲ್ಲ, ಡ್ರೈವರ್‌ಗೆ ಕರೆಂಟ್ ಮಾತ್ರ ಹೋಗಿದೆ. ನಿಮಗೂ ಏನೂ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ. ಅವಳ ಎಡಗಿವಿ ಮಾತ್ರ ಹಿಂದಕ್ಕೆ ಹೊರಳಿತು, ಆಮೇಲೆ ಎರಡೂ ಕಿವಿ ಚಪ್ಪಟೆ. ಇದು ಇಷ್ಟವಾಗದ ಸದ್ದು ಅಂತ ಅರ್ಥ.

ಅದಕ್ಕೆ ಮೋಟಾರನ್ನು ಮರದ ಡಬ್ಬದಲ್ಲಿ ಹಾಕಿ, ಸುತ್ತ ಸ್ಪಂಜು ತುರುಕಿ, ಶೂ ರ‍್ಯಾಕ್‌ನ ಒಳಗೇ ಇಟ್ಟೆ. ಇಷ್ಟು ಮೇಲಿನ ಸ್ವರಕ್ಕೆ ಹಲಗೆ ದಾಟಿ ಬರುವ ಶಕ್ತಿ ಕಡಿಮೆ. ಆಟ ಇಲ್ಲದಾಗ ಡ್ರೈವರ್ ಪೂರ್ತಿ ಆಫ್. ಆಮೇಲೆ ಏನಾಯಿತು ಗೊತ್ತಾ? ಅಳಿದುಳಿದು ಬರುವ ಆ ಸಣ್ಣ ಸದ್ದೇ ಅವರಿಗೆ ಗಂಟೆಯಾಯಿತು. ಡ್ರೈವರ್ ಆನ್ ಆದ ಕೂಡಲೇ ರಾಗಿ ಅಡುಗೆಮನೆಯಿಂದ ಓಡಿ ಬರುತ್ತಾಳೆ. ಇಲಿ ಇನ್ನೂ ಬಿಲದಲ್ಲೇ ಇರುತ್ತದೆ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಬೆಕ್ಕಿಗೆ ಕೆಂಪು ಮಂಕಾಗಿ ಕಾಣುತ್ತದೆ, ನೀಲಿ ಮತ್ತು ಹಳದಿ ಛಾಯೆಗಳು ಪರವಾಗಿಲ್ಲ. ನೀಲಿ ಬಟ್ಟೆ ಹಾಕಿದ್ದೇನೆ. ಅದಕ್ಕಿಂತ ಮುಖ್ಯ, ಮೂತಿಯಿಂದ ಸುಮಾರು ಒಂದು ಗೇಣಿಗಿಂತ ಹತ್ತಿರ ಇರುವುದು ಬೆಕ್ಕಿನ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಆಗ ಮೀಸೆಯನ್ನು ಮುಂದಕ್ಕೆ ಚಾಚಿ ತಡವುತ್ತದೆ. ಅಂದರೆ ಹಿಡಿದ ಮೇಲೆ ಇಲಿ ಹೇಗೆ ಕಾಣುತ್ತದೆ ಅನ್ನುವುದಕ್ಕಿಂತ ಮೀಸೆಗೆ, ಬಾಯಿಗೆ ಹೇಗಿದೆ ಅನ್ನುವುದೇ ಲೆಕ್ಕ. ನಯವಾದ ಪ್ಲಾಸ್ಟಿಕ್ ಇಲಿಗೆ ಇಬ್ಬರೂ ಸೊಪ್ಪು ಹಾಕಲಿಲ್ಲ. ರೋಮ ರೋಮವಾಗಿರುವ ಹಳೇ ಹೊದಿಕೆಯ ತುಂಡಿಗೆ ಹಲ್ಲು ಇಳಿಸಿದರು.

ಈಗ ಸೋಲುವ ಭಾಗ. ಇಲಿ ತಾನು ಸಿಕ್ಕಿಬಿದ್ದೆ ಅಂತ ತಿಳಿಯುವುದು ಹೇಗೆ? ಟಿಎಂಸಿ 2209ರಲ್ಲಿ ಸ್ಟಾಲ್‌ಗಾರ್ಡ್ ಅಂತ ಒಂದು ಸೌಲಭ್ಯ ಇದೆ. ತಿರುಗುವ ಮೋಟಾರಿಗೆ ಯಾರಾದರೂ ಅಡ್ಡ ಹಿಡಿದರೆ ಅದು ಕೊಡುವ ಸಂಖ್ಯೆ ಇಳಿಯುತ್ತದೆ. ಬೇರೆ ಸೆನ್ಸರ್ ಬೇಕಿಲ್ಲ. ಇಲಿ ಓಡುತ್ತಿರುವಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೆವಳುವಾಗ ಮಾತ್ರ ನಂಬುವ ಹಾಗಿಲ್ಲ, ವೇಗ ಕಡಿಮೆಯಾದಷ್ಟೂ ಆ ಸಂಖ್ಯೆಗೆ ಅರ್ಥ ಕಡಿಮೆ. ಬೆಕ್ಕು ಎಗರುವುದು ಇಲಿ ತೆವಳುವಾಗ, ನಿಂತಾಗಲೇ ಅಲ್ವಾ? ಅದಕ್ಕೆ ಬೆಲ್ಟಿನ ಇನ್ನೊಂದು ತುದಿಯ ಪುಲ್ಲಿಯನ್ನು ಸ್ಪ್ರಿಂಗ್ ಇರುವ ಒಂದು ತೋಳಿನ ಮೇಲೆ ಕೂರಿಸಿದೆ. ಬೆಕ್ಕು ಬಟ್ಟೆ ಎಳೆದರೆ ತೋಳು ಒಂದಿಷ್ಟು ಬಾಗುತ್ತದೆ, ತೋಳಿನ ಆಯಸ್ಕಾಂತ, ಆಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್ ಮುಂದೆ ಬರುತ್ತದೆ. ಟಕ್ ಅನ್ನುವ ಸ್ವಿಚ್ ಹಾಕಬಹುದಿತ್ತು, ಆ ಟಕ್ ಸದ್ದಿಗೆ ಜೋಳ ಎದ್ದು ಹೋಗುತ್ತಾನೆ. ಹಾಲ್ ಸೆನ್ಸರ್ ಮೌನಿ.

ಸಿಕ್ಕಿಬಿದ್ದ ಇಲಿ ತಕ್ಷಣ ಸುಮ್ಮನಾಗುವುದಿಲ್ಲ. ಒಂದೂವರೆ ಸೆಕೆಂಡ್ ಒದ್ದಾಡುತ್ತದೆ, ಅಂದರೆ ಬೆಲ್ಟು ಹಿಂದೆ ಮುಂದೆ ಕೆಲವೇ ಮಿಲಿಮೀಟರ್ ಅಲುಗುತ್ತದೆ. ಆಮೇಲೆ ಡ್ರೈವರ್ ಕರೆಂಟ್ ಬಿಟ್ಟುಬಿಡುತ್ತದೆ. ಮೋಟಾರು ಸಡಿಲ, ಇಲಿ ಸತ್ತಿತು. ಬೆಕ್ಕು ಗಾಡಿಯ ಸಮೇತ ಅದನ್ನು ಪಟ್ಟಿಯ ಉದ್ದಕ್ಕೂ ಎಳೆದುಕೊಂಡು ಹೋಗಬಹುದು, ಹೋಗುತ್ತಾರೆ ಕೂಡ. ಇದರಿಂದ ಇಲಿ ಎಲ್ಲಿದೆ ಅನ್ನುವ ಲೆಕ್ಕ ಕೋಡಿಗೆ ತಪ್ಪಿಹೋಗುತ್ತದೆ. ಹಾಗಾಗಿ ಪ್ರತಿ ಸಾವಿನ ನಂತರ ಇಲಿ ಮೆಲ್ಲಗೆ ಬಿಲಕ್ಕೆ ವಾಪಸ್ ಬಂದು, ತುದಿ ಮುಟ್ಟಿ, ಸೊನ್ನೆಯಿಂದ ಲೆಕ್ಕ ಶುರು ಮಾಡುತ್ತದೆ. ಮೂರು ಓಟಕ್ಕೆ ಒಂದು ಸಲವಾದರೂ ಸಿಗುವ ಹಾಗೆ ಇಟ್ಟಿದ್ದೇನೆ. ಜೋಳನಿಗೆ ಅದಕ್ಕಿಂತ ಧಾರಾಳ. ಮೊದಲ ಓಟದಲ್ಲೇ ಸಿಗದಿದ್ದರೆ ಅವನು ಜಪ್ಪಯ್ಯ ಅಂದರೂ ಏಳುವುದಿಲ್ಲ.

ಬೆಕ್ಕು ಯಾವ ಕಡೆ ಇದೆ ಅಂತ ತಿಳಿಯಲು ಪಟ್ಟಿಯ ಮೇಲೆ ದೂರ ಅಳೆಯುವ ಮೂರು ಪುಟ್ಟ ಸೆನ್ಸರ್‌ಗಳಿವೆ, ವಿಎಲ್53ಎಲ್1ಎಕ್ಸ್. ಮೂರಕ್ಕೂ ಕಾರ್ಖಾನೆಯಿಂದ ಬರುವಾಗ ಒಂದೇ ಅಡ್ರೆಸ್ ಇರುತ್ತದೆ. ಒಂದೊಂದನ್ನೇ ಎಬ್ಬಿಸಿ ಬೇರೆ ಅಡ್ರೆಸ್ ಕೊಡಬೇಕು. ನೀವು ಮಾಡುವುದಾದರೆ ಪ್ರತಿ ಸೆನ್ಸರನ್ನೂ ಹಾಗೆ ಎಬ್ಬಿಸುವ ವೈರನ್ನು ಮರೆಯಬೇಡಿ. ಕ್ಯಾಮೆರಾ ಯಾಕೆ ಹಾಕಿಲ್ಲ ಅಂತ ಕೇಳುವವರಿಗೆ: ಹಾಲ್‌ನಲ್ಲಿ ನಾವೂ ಇರುತ್ತೇವೆ. ಆ್ಯಪ್ ಕೂಡ ಇಲ್ಲ. ಬೆಕ್ಕು ಎಷ್ಟು ಹೆಜ್ಜೆ ಹಾಕಿತು ಅಂತ ಫೋನಿನಲ್ಲಿ ಗ್ರಾಫ್ ನೋಡಿ ನಾನೇನು ಮಾಡಲಿ?

ಸುರಕ್ಷತೆ. ಇದನ್ನು ದಯವಿಟ್ಟು ಫಾರ್ವರ್ಡ್ ಮಾಡದೆ ಕೇಳಿ. ಬೆಕ್ಕಿನ ಆಟಕ್ಕೆ ದಾರ ಬಳಸಿದರೆ, ಯಾರೂ ಇಲ್ಲದಾಗ ಅದನ್ನು ಬಿಟ್ಟುಹೋಗಬೇಡಿ. ಬೆಕ್ಕಿನ ನಾಲಗೆಯ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿವೆ. ಬಾಯಿಗೆ ಹೋದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ, ನುಂಗುತ್ತಲೇ ಹೋಗುತ್ತದೆ. ಹೊಟ್ಟೆಗೆ ಹೋದ ದಾರ ಕರುಳನ್ನು ನೆರಿಗೆ ನೆರಿಗೆಯಾಗಿ ಎಳೆದು ಕೊಯ್ಯಬಹುದು. ಆಗ ಆಪರೇಷನ್ ಮಾಡಲೇಬೇಕಾಗುತ್ತದೆ. ನನ್ನ ಇಲಿಯಲ್ಲಿ ದಾರವೇ ಇಲ್ಲದಿರುವುದು ಅದಕ್ಕೇ. ಬಟ್ಟೆ ಎರಡು ಬೆರಳು ಅಗಲ. ಅದು ಗಾಡಿಗೆ ಸೇರಿರುವುದು ಬೆಕ್ಕಿನ ಕೊರಳಪಟ್ಟಿಯಲ್ಲಿ ಬರುವಂಥ, ಜೋರಾಗಿ ಎಳೆದರೆ ಬಿಚ್ಚಿಕೊಳ್ಳುವ ಬಕಲ್‌ನಿಂದ. ಪುಟ್ಟ ಆಯಸ್ಕಾಂತದ ಜೋಡಣೆ ಇನ್ನೂ ಸುಲಭವಿತ್ತು, ಆದರೆ ಎರಡು ಆಯಸ್ಕಾಂತ ನುಂಗಿದರೆ ಅವು ಕರುಳನ್ನು ನಡುವೆ ಹಿಡಿದು ಕಚ್ಚಿಕೊಳ್ಳುತ್ತವೆ. ಬೇಡವೇ ಬೇಡ. ಮೋಟಾರಿನ ಕರೆಂಟನ್ನೂ ಕಡಿಮೆ ಇಟ್ಟಿದ್ದೇನೆ. ಎರಡು ಬೆರಳಲ್ಲಿ ಹಿಡಿದರೆ ನಿಲ್ಲುತ್ತದೆ, ನೋಡಿ. ಇನ್ನು ನಮ್ಮ ಏರಿಯಾದ ಪವರ್ ಕಟ್. ಕರೆಂಟ್ ಹೋದರೆ ಇಲಿ ಇದ್ದಲ್ಲೇ ಸಡಿಲವಾಗಿ ನಿಲ್ಲುತ್ತದೆ. ಕರೆಂಟ್ ಬಂದ ಮೇಲೆ ತಾನಾಗಿ ಓಡಬಾರದು. ಬಟನ್ ಒತ್ತುವ ತನಕ ಸುಮ್ಮನಿರಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ಬಾಲ ಶೂ ರ‍್ಯಾಕ್‌ನ ಒಳಗೆ, ರ‍್ಯಾಕ್‌ನ ಬಾಗಿಲು ಮುಚ್ಚಿ.

ಕೊನೆಗೆ ಬಹುಮಾನ. ಬೇಟೆ ಮುಗಿದ ಮೇಲೆ ಊಟ, ಊಟದ ಮೇಲೆ ಮೈ ನೆಕ್ಕುವುದು, ಆಮೇಲೆ ನಿದ್ದೆ. ಬೆಕ್ಕಿನ ದಿನಚರಿ ಹಾಗೆ. ಹಾಗಾದರೆ ಊಟದ ಆಸೆ ತೋರಿಸಿಯೇ ಓಡಿಸಬಹುದಲ್ವಾ ಅಂದರೆ, ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು 17 ಸಾಕುಬೆಕ್ಕುಗಳ ಮುಂದೆ ಎರಡು ಬಗೆ ಇಟ್ಟು ನೋಡಿದರು, 2021ರಲ್ಲಿ ಪ್ರಕಟವಾಗಿದೆ. ಒಂದರಲ್ಲಿ ತಟ್ಟೆಯಲ್ಲೇ ಊಟ, ಇನ್ನೊಂದರಲ್ಲಿ ತಡಕಾಡಿ ತೆಗೆಯಬೇಕು. ಹೆಚ್ಚಿನವು ತಟ್ಟೆಯ ಕಡೆಗೇ ನಡೆದವು. ಬಿಟ್ಟಿ ಸಿಗುವಾಗ ಯಾರು ದುಡಿಯುತ್ತಾರೆ! ಅದಕ್ಕೆ ಇಲ್ಲಿ ಆಟದ ಆಸೆ ಬೇಟೆಯದ್ದೇ. ಊಟ ಬರುವುದು ಆಟ ಮುಗಿದ ಮೇಲೆ, ಅದೂ ದಿನದ ಪಾಲಿನಿಂದಲೇ ಕಳೆದು.

ಈ ಊಟದ ಹಲಗೆಯ ಕೆಳಗೆ ತೂಕ ಅಳೆಯುವ ನಾಲ್ಕು ಲೋಡ್ ಸೆಲ್‌ಗಳಿವೆ. ಹಲಗೆ ಹತ್ತಿದವರು ಯಾರು ಅಂತ ತೂಕದಿಂದಲೇ ಗೊತ್ತಾಗುತ್ತದೆ. ಇಬ್ಬರ ನಡುವೆ ಎರಡು ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇರುವಾಗ ಗುರುತಿನ ಚಿಪ್, ಕೊರಳಪಟ್ಟಿ ಎಲ್ಲ ಯಾಕೆ? ಇನ್ನೊಂದು ಲಾಭ ಇದೆ. ಬೆಕ್ಕು ವಾರಕ್ಕೆ ಮೈತೂಕದ ನೂರಕ್ಕೆ ಒಂದರಷ್ಟು ಇಳಿದರೆ ಸಾಕು. ಜೋಳನ ಲೆಕ್ಕದಲ್ಲಿ ಅದು 58 ಗ್ರಾಂ. ನೂರು ಗ್ರಾಂ ಹೆಜ್ಜೆಯಲ್ಲಿ ತೋರಿಸುವ ನಮ್ಮ ಬಾತ್‌ರೂಮ್ ತೂಕದ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಈ ಹಲಗೆ ಹತ್ತು ಗ್ರಾಂ ವ್ಯತ್ಯಾಸವನ್ನೂ ಹಿಡಿಯುತ್ತದೆ. ತೂಕ ಬೇಗ ಬೇಗ ಇಳಿದರೂ ಎಚ್ಚರಿಕೆ ಕೊಡುವ ಹಾಗೆ ಬರೆದಿದ್ದೇನೆ.

ಆಟ ಬೆಳಗಿನ ಜಾವ ಒಂದು ಸಲ, ಮುಸ್ಸಂಜೆಗೆ ಒಂದು ಸಲ. ಬೆಕ್ಕು ಚುರುಕಾಗುವ ಹೊತ್ತೇ ಅದು. ಒಂದು ಸಲಕ್ಕೆ ಹತ್ತು ನಿಮಿಷ ದಾಟುವಂತಿಲ್ಲ, ಅದರಲ್ಲೂ ನಡುನಡುವೆ ವಿರಾಮ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಹೊರಗೆ ಓಡಾಡುವ ಬೆಕ್ಕುಗಳನ್ನು ದಿನಕ್ಕೆ 5ರಿಂದ 10 ನಿಮಿಷ ಆಡಿಸಿದ್ದಕ್ಕೇ ಅವು ಹಿಡಿದು ತರುವ ಬೇಟೆ 25 ಪರ್ಸೆಂಟ್ ಕಡಿಮೆಯಾಯಿತು. ಅಷ್ಟು ಚಿಕ್ಕ ಆಟಕ್ಕೂ ಬೆಲೆ ಇದೆ. ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಅಲ್ಲಿಗೇ ನಿಲ್ಲಿಸಿ, ಅದು ನಾಯಿಯಲ್ಲ.

ಇನ್ನು ಬೇಸರ. ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟರೆ ಬೆಕ್ಕಿನ ಉತ್ಸಾಹ ಇಳಿಯುತ್ತದೆ, ಬೇರೆ ಬಣ್ಣದ್ದು, ಬೇರೆ ವಾಸನೆಯದ್ದು ಕೊಟ್ಟರೆ ಅದೇ ಬೆಕ್ಕು ಮತ್ತೆ ಎಗರುತ್ತದೆ ಅಂತ ಬ್ರಿಟನ್ನಿನ ಸಂಶೋಧಕರು 2002ರಲ್ಲೇ ತೋರಿಸಿದ್ದಾರೆ. ಬಕಲ್ ಇರುವುದರಿಂದ ನನಗೆ ಬಾಲ ಬದಲಿಸುವುದು ಸುಲಭ. ಸೆಣಬಿನ ಚೀಲದ ತುಂಡು, ಹಳೇ ಸ್ವೆಟರ್‌ನ ತೋಳು, ಟವೆಲ್ ಅಂಚು. ಸದ್ಯಕ್ಕೆ ಸೆಣಬು ಗೆಲ್ಲುತ್ತಿದೆ.

ಮುಂದಿನ ವಿಡಿಯೋದಲ್ಲಿ ಪಟ್ಟಿಯನ್ನು ಗೋಡೆಯ ಮೂಲೆ ತಿರುಗಿಸುವ ಪ್ರಯತ್ನ ಇದೆ. ಬೆಲ್ಟನ್ನು ಅಲ್ಲಿ ಬಾಗಿಸಲು ಸಣ್ಣ ಬೇರಿಂಗ್‌ಗಳು ಬೇಕು, ಮತ್ತೆ ಎಸ್‌.ಪಿ. ರೋಡ್. ಪ್ರಿಂಟ್ ಮಾಡುವ ಫೈಲುಗಳು, ಕೋಡು, ಸಾಮಾನಿನ ಪಟ್ಟಿ ಎಲ್ಲ ಕೆಳಗೆ ಡಿಸ್ಕ್ರಿಪ್ಷನ್‌ನಲ್ಲಿವೆ. ಬಾಡಿಗೆ ಮನೆಯವರು ಪಟ್ಟಿಗೆ ಮೊಳೆ ಹೊಡೆಯಬೇಡಿ, ಡಬಲ್ ಟೇಪ್ ಸಾಕು. ಹಾಗೇ ನಿಮ್ಮ ಬೆಕ್ಕಿನ ತೂಕ ಎಷ್ಟು ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಎರಡೂ ಬೆಕ್ಕು ಒಂದೇ ತೂಕ ಇರುವ ಮನೆಗಳಿಗೆ ಈ ಹಲಗೆಯ ಉಪಾಯ ನಡೆಯುವುದಿಲ್ಲ, ಅಂಥವರು ಎಷ್ಟು ಜನ ಇದ್ದೀರಿ ಅಂತ ನೋಡಿಕೊಂಡು ಬೇರೆ ದಾರಿ ಹುಡುಕುತ್ತೇನೆ.